ವೀರ್ಯಾಣು ಕೌಂಟ್ 7 ಮಿಲಿಯನ್ ಬಂದೈತಿ, ಕಾರಣ ಏನಿರಬಹುದು? ಗೊತ್ತಿದ್ದೋರು ಹೇಳ್ರಿ

ಕಾರಟಗಿ_ಭತ್ತ

ಎಲ್ಲಾರಿಗೂ ನಮಸ್ಕಾರ್ರಿ. ಹೆಸರು ಹಾಕಿಲ್ಲ, ತಪ್ಪು ತಿಳ್ಕೋಬ್ಯಾಡ್ರಿ. ನಂಗ 31, ಕಾರಟಗಿ ಕಡೆ ಹಳ್ಳಿ, ರೈಸ್ ಮಿಲ್ಲಿನಾಗ ಬಾಯ್ಲರಿಗೆ ಹೊಟ್ಟು ಹಾಕೋ ಕೆಲಸ, ಲೋಡ್ ಬಂದಾಗ ಚೀಲಾನೂ ಎತ್ತತೀನಿ, ಮನೀದು ಮೂರೆಕರೆ ಭತ್ತ ಐತಿ, ಔಷಧ ಹೊಡ್ಯೋದೂ ನಾನ. ಮದ್ವಿ ಆಗಿ ನಾಕು ವರ್ಷ ಆತು. ಮೊದ್ಲ ಒಂದ್ ವರ್ಷ ನಾವೂ ಅಷ್ಟು ತಲಿ ಕೆಡಿಸ್ಕೊಂಡಿದ್ದಿಲ್ಲ, ಆಮ್ಯಾಲ ಮನ್ಯಾಗ ಶುರು ಆತು ನೋಡ್ರಿ, ಹುಲಿಗೆಮ್ಮಗ ಹೋಗಿ ಬಂದ್ವಿ, ಮಂತ್ರಾಲಯಕ್ಕ ಹೋಗಿ ಬಂದ್ವಿ, ಅಂಜನಾದ್ರಿ ಹತ್ತಿದ್ವಿ, ಅದರ ಜತಿಗೇ ಗಂಗಾವತಿ ಹೊಸಪೇಟಿ ಅಂತ ಮೂರು ಡಾಕ್ಟರನೂ ಬದ್ಲಿ ಮಾಡಿದ್ವಿ. ಎಲ್ಲಾ ಟೆಸ್ಟ್ ನಮ್ಮಾಕಿಗೇ. ರಕ್ತ, ಥೈರಾಯ್ಡ್, ತತ್ತಿ ನೋಡೋ ಸ್ಕ್ಯಾನಿಂಗು ಅಂತ ತಿಂಗಳಿಗೆ ನಾಕೈದು ಸಲ, ಟ್ಯೂಬ್ ಟೆಸ್ಟ್ ಮಾಡಿದ ದಿನ ಹೊರಗ ಬಂದಾಕಿ ಬೆಂಚಿನ ಮ್ಯಾಲ ಹೊಟ್ಟಿ ಹಿಡ್ಕೊಂಡು ಅರ್ಧ ತಾಸು ಎದ್ದಿಲ್ಲ. ಎಲ್ಲಾ ನಾರ್ಮಲ್. ಮೂರನೇ ಡಾಕ್ಟ್ರು ಫೈಲ್ ಪೂರ್ತಿ ತಿರುವಿ ಹಾಕಿ, ಎಲ್ಲಾ ಐತಲ್ಲಮ್ಮ ಗಂಡಂದು ಎಲ್ಲಿ ಅಂದ್ರು. ಅವತ್ತಿನ ತನಕ ನಂದು ಒಂದು ಟೆಸ್ಟ್ ಆಗಿದ್ದಿಲ್ಲ, ನಾನೂ ಕೇಳಿದ್ದಿಲ್ಲ.

ಈಗ ರಿಪೋರ್ಟ್ ಬಂದೈತಿ. ವಾಲ್ಯೂಮ್ 2 ಎಂಎಲ್, ಕೌಂಟ್ ಒಂದು ಎಂಎಲ್‌ಗೆ 7 ಮಿಲಿಯನ್, ಮೋಟಿಲಿಟಿ ಅಂದ್ರ ಓಡಾಟ ಒಟ್ಟು 20 ಪರ್ಸೆಂಟ್, ಅದ್ರಾಗ ಮುಂದಕ್ಕ ಓಡೋವು 8, ಮಾರ್ಫಾಲಜಿ ಅಂದ್ರ ಆಕಾರ ಸರಿ ಇರೋವು 2. ಕೆಳಗ ಇಂಗ್ಲಿಷಿನಾಗ ಉದ್ದ ಹೆಸರು ಬರದಾರ, ಮೂರೂ ಕಡಿಮಿ ಅಂತ ಅದರ ಅರ್ಥ ಅಂದ್ರು. ಒಂದು ಕಡೆ ನೇರ ಐವಿಎಫ್ (ತತ್ತಿ ವೀರ್ಯಾಣು ಹೊರಗ ಲ್ಯಾಬಿನಾಗ ಕೂಡಿಸೋದು) ಮಾಡಿಸ್ರಿ ಅಂದ್ರು, ಇನ್ನೊಬ್ರು ಮೂರೂವರೆ ಸಾವಿರದ ಪೌಡರ್ ಕೊಟ್ಟಾರ, ಹಾಲಿನಾಗ ಕುಡೀಲಿಕ್ಕೆ. ಯಾಕ ಹಿಂಗ ಆಗೈತಿ ಅಂತ ಮಾತ್ರ ಒಬ್ರೂ ಹೇಳವಲ್ರು.

ಬಾಯ್ಲರ್ ಕಾವಿಗೆ ಆಗಿರಬಹುದಾ? ಇಲ್ಲಾ ಹೊಲದ ಔಷಧಕ್ಕಾ? ಸಣ್ಣವ ಇದ್ದಾಗ, ಐದಾರು ವರ್ಷ ಇರಬೇಕು, ಮಂಗನಬಾವು ಆಗಿತ್ತು ಅಂತ ಅವ್ವ ಹೇಳ್ತಾಳ, ಅದಕ್ಕಾ? ಟೆಸ್ಟಿಗೆ ಐದಾರು ವಾರ ಮುಂಚೆ ಡೆಂಗ್ಯೂ ಆಗಿ ಆರು ದಿನ ಮಲಗಿದ್ದೆ, ಅದನ್ನ ಲ್ಯಾಬಿನಾಗ ಯಾರೂ ಕೇಳ್ಲಿಲ್ಲ ನಾನೂ ಹೇಳ್ಲಿಲ್ಲ. ಗಂಡಹೆಂಡ್ತಿ ಕೂಡೋದು ಜಾಸ್ತಿ ದಿನ ಬಿಟ್ರ ಚಲೋ ಬರ್ತೈತಿ ಅಂತ ಯಾರೋ ಅಂದಿದ್ಕ 12 ದಿನ ಬಿಟ್ಟು ಹೋಗಿದ್ದೆ. ಅಲ್ಲಿ ಬಾತ್‌ರೂಮಿನಾಗ ಕೊಡಬೇಕಿತ್ತು, ಹೊರಗ ಮಂದಿ ಬಾಗಲಾ ಬಡೀತಿದ್ರು, ಗಾಬರಿಗೆ ಮೊದ್ಲಿಂದು ಸ್ವಲ್ಪ ಡಬ್ಬಿ ಹೊರಗ ಬಿತ್ತು. ಬ್ಯಾರೆ ತ್ರಾಸ ಏನೂ ಇಲ್ಲ, ಗಂಡಹೆಂಡ್ತಿ ನಡಕ ಎಲ್ಲಾ ಸರಿ ಐತಿ. ಸಂಜಿ ಆದ್ರ ಎಡಗಡೆ ಬೀಜ ಭಾರ ಆದಂಗ ಅನಸ್ತೈತಿ, ಚೀಲ ಎತ್ತಿದ್ದಕ್ಕ ಇರಬೇಕು, ಮಲಗಿದ್ರ ಹೋಗ್ತೈತಿ.

ಅವ್ವ ಈಗ್ಲೂ ಆಕಿಗೇ ಮಾತಾಡ್ತಾಳ. ರಿಪೋರ್ಟ್ ನನ್ನ ಪೆಟ್ಟಿಗ್ಯಾಗ ಐತಿ, ಇನ್ನಾ ಯಾರಿಗೂ ತೋರಿಸಿಲ್ಲ.


ಲ್ಯಾಬ್‌ಟೆಕ್_ಬಳ್ಳಾರಿ

ಅಣ್ಣ ನಾನು ಬಳ್ಳಾರೀಲಿ ಲ್ಯಾಬ್ ಟೆಕ್ನಿಷಿಯನ್, ಹನ್ನೊಂದು ವರ್ಷ ಆಯ್ತು ಈ ಕೆಲಸಕ್ಕೆ ಬಂದು, ದಿನಾ ಎರಡು ಮೂರು ಸೆಮೆನ್ ಸ್ಯಾಂಪಲ್ ನೋಡ್ತೀನಿ. ಮೊದಲು ಒಂದು ಮಾತು, ಈ ಒಂದು ರಿಪೋರ್ಟ್ ಇಟ್ಕೊಂಡು ಏನೂ ತೀರ್ಮಾನ ಮಾಡಬೇಡಿ, ಐವಿಎಫ್ ಅಂತೂ ದೂರದ ಮಾತು.

ಯಾಕೆ ಅಂದ್ರೆ ನೀವೇ ಬರೆದಿದ್ದೀರ ನೋಡಿ. ಡೆಂಗ್ಯೂ. ವೀರ್ಯಾಣು ಒಂದು ಹುಟ್ಟಿ ಪೂರ್ತಿ ತಯಾರಾಗೋಕೆ ಸುಮಾರು 74 ದಿನ ಬೇಕು, ಅದು ಹೊರಗೆ ಬರೋ ದಾರಿ ಸಾಗೋಕೆ ಇನ್ನೂ ಒಂದೆರಡು ವಾರ, ಅಂದ್ರೆ ಇವತ್ತು ಡಬ್ಬೀಲಿ ಬಂದಿರೋದು ಮೂರು ತಿಂಗಳ ಹಿಂದೆ ಬಿತ್ತಿದ ಬೆಳೆ. ನಡುವೆ ಜೋರು ಜ್ವರ ಬಂದ್ರೆ ಆ ಬೆಳೆಗೆ ಪೆಟ್ಟು ಬಿದ್ದೇ ಬೀಳುತ್ತೆ. ಜ್ವರ ಬಿಟ್ಟ ಮೇಲೆ ಮೂರು ತಿಂಗಳು ಕಳೆದು ನೋಡಿದ್ರೇನೆ ನಿಮ್ಮ ನಿಜವಾದ ಕೌಂಟ್ ಗೊತ್ತಾಗೋದು.

ಎರಡನೇದು 12 ದಿನ ಬಿಟ್ಟಿದ್ದು. ಎರಡರಿಂದ ಏಳು ದಿನ ಅಂತ ಲೆಕ್ಕ ಐತೆ, ಮೂರು ನಾಲ್ಕು ದಿನ ಇದ್ರೆ ಒಳ್ಳೇದು. ಜಾಸ್ತಿ ದಿನ ಬಿಟ್ರೆ ಸಂಖ್ಯೆ ಏರಬಹುದು, ಆದ್ರೆ ಹಳೇವು ಸೇರ್ಕೊಂಡು ಓಡಾಟ ಕಡಿಮೆ ಆಗುತ್ತೆ. ಮೂರನೇದು ಮೊದಲ ಪಾಲು ಹೊರಗೆ ಬಿದ್ದಿದ್ದು. ವೀರ್ಯಾಣು ಜಾಸ್ತಿ ಇರೋದೇ ಆ ಮೊದಲ ಹನಿಗಳಲ್ಲಿ ಅಣ್ಣ, ಆಮೇಲೆ ಬರೋದ್ರಲ್ಲಿ ಬರೀ ನೀರಿನ ಅಂಶ ಜಾಸ್ತಿ. ಮೊದಲಿಂದು ಚೆಲ್ಲಿದ್ರೆ ಆ ಸ್ಯಾಂಪಲ್ ತಗೊಳ್ಳೋದೇ ಇಲ್ಲ ನಾನು, ಇನ್ನೊಂದು ದಿನ ಬನ್ನಿ ಅಂತೀನಿ. ನಮ್ಮಲ್ಲಿ ಬರೋರು ಹೇಳೋಕೆ ನಾಚ್ಕೋತಾರೆ, ಡಬ್ಬಿ ಟೇಬಲ್ ಮೇಲಿಟ್ಟು ತಲೆ ತಗ್ಗಿಸ್ಕೊಂಡು ಹೊರಟೇ ಬಿಡ್ತಾರೆ, ಅದಕ್ಕೆ ನಾನೇ ಹಿಂದಿಂದ ಹೋಗಿ ಕೇಳ್ತೀನಿ, ಎಷ್ಟು ದಿನ ಬಿಟ್ಟಿದ್ರಿ, ಏನಾದ್ರೂ ಚೆಲ್ಲಿತಾ, ಮೂರು ತಿಂಗಳಲ್ಲಿ ಜ್ವರ ಬಂದಿತ್ತಾ, ಯಾವ ಮಾತ್ರೆ ನುಂಗ್ತಿದ್ದೀರ ಅಂತ. ಕೇಳದೇ ಇರೋ ಲ್ಯಾಬ್ ತಪ್ಪು ಮಾಡ್ತೈತೆ ಅಂತಾನೇ ಹೇಳ್ತೀನಿ.

ಮನೇಲಿ ಕೊಟ್ಟು ತರೋರೂ ಇದ್ದಾರೆ. ಸಿರುಗುಪ್ಪದಿಂದ ಒಬ್ರು ಕ್ಯಾರಿಬ್ಯಾಗಲ್ಲಿ ಹಾಕ್ಕೊಂಡು ಬಸ್ಸಲ್ಲಿ ಎರಡು ತಾಸು ಬಂದಿದ್ರು, ನೋಡಿದಾಗ ಒಂದೂ ಅಲ್ಲಾಡ್ತಿಲ್ಲ. ಒಂದು ತಾಸಿನ ಒಳಗೆ ಮೈಕ್ರೋಸ್ಕೋಪ್ ಕೆಳಗೆ ಬರಬೇಕು, ಬರೋ ದಾರೀಲಿ ಮೈ ಕಾವಿಗೆ ತಾಕಿಸ್ಕೊಂಡು ತರಬೇಕು, ಬಿಸಿಲಿಗೂ ಇಡಬಾರ್ದು ತಣ್ಣಗೂ ಇಡಬಾರ್ದು. ಸೋಪು, ಕೊಬ್ಬರಿ ಎಣ್ಣೆ, ಎಂಜಲು ಏನೂ ಹಚ್ಚಬಾರ್ದು, ಅಂಗಡೀಲಿ ಸಿಗೋ ಮಾಮೂಲಿ ನಿರೋಧಲ್ಲಿ ಹಿಡಿದು ತರಬಾರ್ದು, ಅದಕ್ಕೆ ಹಚ್ಚಿರೋದು ಅವನ್ನ ಕೊಲ್ಲುತ್ತೆ.

ಇನ್ನು ನಂಬರ್. ಡಬ್ಲ್ಯೂಎಚ್‌ಓ 2021ರಲ್ಲಿ ಹೊಸ ಪುಸ್ತಕ ತಂದಿದೆ, ಅದರಲ್ಲಿ ಕನಿಷ್ಠ ಗೆರೆ ಅಂದ್ರೆ ವಾಲ್ಯೂಮ್ 1.4 ಎಂಎಲ್, ಎಂಎಲ್‌ಗೆ 16 ಮಿಲಿಯನ್, ಒಟ್ಟು ಸ್ಯಾಂಪಲ್ಲಿಗೆ 39 ಮಿಲಿಯನ್, ಒಟ್ಟು ಓಡಾಟ 42 ಪರ್ಸೆಂಟ್, ಮುಂದಕ್ಕೆ ಓಡೋವು 30, ಮಾರ್ಫಾಲಜಿ 4. ನಿಮ್ಮದು ಎರಡು ಎಂಎಲ್ ಇಂಟು ಏಳು, ಒಟ್ಟು 14 ಮಿಲಿಯನ್, ಕಡಿಮೆ ಹೌದು. ಆದ್ರೆ ಈ ಗೆರೆ ಹೆಂಗೆ ಹಾಕಿದ್ದು ಗೊತ್ತಾ, ಒಂದು ವರ್ಷದೊಳಗೆ ಹೆಂಡತಿ ಗರ್ಭಿಣಿ ಆದಂಥ ಗಂಡಸರದ್ದೇ ಸ್ಯಾಂಪಲ್ ನೋಡಿ, ಅವರಲ್ಲಿ ಅತೀ ಕೆಳಗಿನ ನೂರಕ್ಕೆ ಐದು ಜನ ಎಲ್ಲಿದ್ದಾರೋ ಅಲ್ಲಿಗೆ ಗೆರೆ ಎಳೆದಿದ್ದಾರೆ. ಅಂದ್ರೆ ಗೆರೆ ಕೆಳಗಿದ್ದೂ ತಂದೆ ಆದೋರು ಇದ್ದಾರೆ, ಮೇಲಿದ್ದೂ ಆಗದೋರು ಇದ್ದಾರೆ. ಮಾರ್ಫಾಲಜಿ 2 ಅಂತ ನೋಡಿ ಹುಟ್ಟೋ ಮಗು ಸರಿ ಇರಲ್ವೇನೋ ಅಂತ ಅಳ್ತಾ ಫೋನ್ ಮಾಡಿದೋರು ಇದ್ದಾರೆ, ಹಂಗೇನೂ ಇಲ್ಲ, ಆ ನಂಬರಿಗೂ ಮಗುವಿನ ಆಕಾರಕ್ಕೂ ಸಂಬಂಧ ಇಲ್ಲ.

ಎರಡನೇ ಟೆಸ್ಟ್ ಮಾಡಿಸಿ, ಆಮೇಲೆ ಗಂಡಸರನ್ನ ನೋಡೋ ಡಾಕ್ಟರ್ ಹತ್ರ, ಅಂದ್ರೆ ಯೂರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್ ಹತ್ರ ಹೋಗಿ. ಕಾರಣ ಪೇಪರಲ್ಲಿ ಇರಲ್ಲ, ಮೈ ಮುಟ್ಟಿ ನೋಡಿದ್ರೆ ಸಿಗುತ್ತೆ.


ಕುಷ್ಟಗಿ_ರೈತ

ತಮ್ಮಾ ನೀ ಕೊನಿಗೆ ಬರದ ಮಾತು ಓದಿ ಎದಿ ಝಲ್ ಅಂತು, ಯಾಕಂದ್ರ ಅದ ಮಾತು ನಾನೂ ಐದು ವರ್ಷದ ಹಿಂದ ಹೇಳ್ತಿದ್ದೆ. ಸಂಜಿ ಆದ್ರ ಎಡಗಡೆ ಭಾರ, ಮಲಗಿದ್ರ ಹೋಗ್ತೈತಿ. ನಾನೂ ಟ್ರ್ಯಾಕ್ಟರ್ ಮ್ಯಾಲ ಕುಂತು ಕುಂತು ಆಗೈತಿ ಅನ್ಕೊಂಡಿದ್ದೆ.

ಅದಕ್ಕ ವೆರಿಕೋಸೀಲ್ ಅಂತಾರ. ಕಾಲಿನಾಗ ನರ ಉಬ್ಬತಾವಲ್ಲ, ಹಂಗ ಬೀಜದ ಮ್ಯಾಲಿನ ರಕ್ತನಾಳ ಉಬ್ಬಿರ್ತಾವ. ಎಡಗಡೆನ ಯಾಕ ಜಾಸ್ತಿ ಅಂತ ನಮ್ ಡಾಕ್ಟ್ರು ಚೀಟಿ ಹಿಂದ ಪೆನ್ನಿಲೆ ಚಿತ್ರ ಬರದು ತೋರಿಸಿದ್ರು, ಬಲಗಡೆ ನಾಳ ಓರಿಯಾಗಿ ಹೋಗಿ ದೊಡ್ಡ ನಾಳಕ್ಕ ಸೇರ್ತೈತಿ, ಎಡಗಡೆದು ಮ್ಯಾಲ ಕಿಡ್ನಿ ನಾಳಕ್ಕ ನೆಟ್ಟಗ ಹೋಗಿ ಬಡೀತೈತಿ, ಅಷ್ಟು ಎತ್ತರ ಏರಬೇಕು, ನಡಕಿನ ಕವಾಟ ಸೋತ್ರ ರಕ್ತ ಕೆಳಗ ಬಂದು ನಿಂದರತೈತಿ. ಕಾಲುವೆ ಗೇಟ್ ಕೆಟ್ಟು ನೀರು ಹೊಲಕ್ಕ ನಿಂತಂಗ ಅಂತ ನಾ ತಿಳ್ಕೊಂಡೆ. ಬೀಜ ಮೈಗಿಂತ ಎರಡು ಮೂರು ಡಿಗ್ರಿ ತಂಪು ಇರಬೇಕಂತ, ಅದಕ್ಕ ದೇವ್ರು ಅದನ್ನ ಹೊರಗ ಚೀಲದಾಗ ಇಟ್ಟಾನ, ಅಲ್ಲಿ ಬಿಸಿ ರಕ್ತ ನಿಂತ್ರ ಕಾವು ಏರಿ ವೀರ್ಯಾಣು ಕೆಡತಾವ. ಎಲ್ಲಾ ಗಂಡಸರಾಗ ನೂರಕ್ಕ ಹದಿನೈದು ಮಂದಿಗೆ ಇರ್ತೈತಿ, ಅವರಾಗ ಬಾಳ ಮಂದಿಗೆ ಮಕ್ಕಳಾಗ್ತಾವ, ಆದ್ರ ಮಕ್ಕಳಾಗದ ಗಂಡಸರನ್ನ ನೋಡಿದ್ರ ನೂರಕ್ಕ ಮೂವತ್ತೈದು ನಲವತ್ತು ಮಂದಿಗೆ ಇದ ಸಿಗತೈತಿ ಅಂದ್ರು.

ನೋಡೋದು ಹೆಂಗ ಅಂದ್ರ ನಿಂದರಸಿ ನೋಡ್ತಾರ, ಮೂಗು ಬಾಯಿ ಮುಚ್ಚಿ ಮುಕ್ಕು ಅಂತಾರ, ಆವಾಗ ಕೈಗೆ ಎರೆಹುಳದ ಗಂಟು ಹತ್ತಿದಂಗ ಹತ್ತತೈತಿ. ಮೊದ್ಲ ಎರಡು ಕಡೆ ಡಾಕ್ಟ್ರು ನನ್ನ ಪ್ಯಾಂಟ್ ಬಿಚ್ಚಿ ನೋಡಿದ್ದ ಇಲ್ಲ, ರಿಪೋರ್ಟ್ ನೋಡಿ ಗುಳಿಗಿ ಬರದು ಕಳಿಸಿದ್ರು, ಹದಿನೆಂಟು ತಿಂಗಳು ಹಂಗ ಹೋತು. ಮೂರನೇದವ್ರು ಎರಡು ನಿಮಿಷಕ್ಕ ಹಿಡದ್ರು.

ಒಂದು ಮಾತು ನೆಪ್ಪಿಟ್ಕೋ, ಕೈಗೆ ಹತ್ತೋವಂಥದ್ದು ಇದ್ದು, ರಿಪೋರ್ಟೂ ಕಡಿಮಿ ಇದ್ರ ಮಾತ್ರ ಆಪರೇಷನ್. ಬರೀ ಸ್ಕ್ಯಾನಿಂಗಿನಾಗ ಸಣ್ಣದು ಕಂಡತಿ ಅಂತ ಕೊಯ್ಯಂಗಿಲ್ಲ. ಮಲಗಿದ್ರೂ ಇಳಿಯದ ಉಬ್ಬು, ಇಲ್ಲಾ ಬಲಗಡೆ ಅಷ್ಟ ಒಮ್ಮಿಂದೊಮ್ಮೆ ಬಂದಿದ್ರ ಹೊಟ್ಟಿ ಸ್ಕ್ಯಾನಿಂಗ್ ಮಾಡಿಸಬೇಕು, ಕಿಡ್ನಿ ಕಡೆ ಗಡ್ಡಿ ಏನರ ಐತೇನು ಅಂತ. ನಂಗ ಮೈಕ್ರೋಸ್ಕೋಪ್ ಇಟ್ಟು ತೊಡಿ ಸಂದಿ ಮ್ಯಾಲ ಸಣ್ಣ ಗಾಯ ಮಾಡಿ ಆ ಉಬ್ಬಿದ ನಾಳ ಕಟ್ಟಿದ್ರು, ಮರುದಿನ ಮನಿಗೆ ಬಂದೆ. ಕೌಂಟ್ 5 ಇದ್ದದ್ದು ಮೂರು ತಿಂಗಳಿಗೆ 9, ಏಳು ತಿಂಗಳಿಗೆ 19. ಹತ್ತನೇ ತಿಂಗಳಿಗೆ ಆಕಿ ಹೊಟ್ಟಿಲಿ ಆದ್ಲು. ಎಲ್ಲಾರಿಗೂ ಹಿಂಗ ಆಗ್ತೈತಿ ಅಂತ ನಾ ಹೇಳಂಗಿಲ್ಲ, ನಮ್ ಡಾಕ್ಟ್ರೂ ಹೇಳ್ಲಿಲ್ಲ, ಕೆಲವರಿಗೆ ಏರಂಗಿಲ್ಲ. ಆದ್ರ ತೋರಿಸ್ದ ಬಿಡಬ್ಯಾಡ.


ಮಾನ್ವಿ_ಮೆಡಿಕಲ್

ಬಾಯ್ಲರ್ ಮತ್ತ ಔಷಧದ್ದು ಕೇಳ್ಯಾರಲ್ರಿ, ಅದಕ್ಕ ಯಾರೂ ಉತ್ತರ ಕೊಟ್ಟಿಲ್ಲ. ನಾನು ಬಿ ಫಾರ್ಮ್ ಓದಿ ಅಂಗಡಿ ಇಟ್ಟೀನಿ, ಗೊತ್ತಿದ್ದಷ್ಟು ಹೇಳ್ತೀನಿ.

ಕಾವು ಕೆಲಸ ಮಾಡ್ತದ, ಸುಳ್ಳಲ್ಲ. ಒಲಿ ಮುಂದ, ಫರ್ನೇಸ್ ಮುಂದ ಎಂಟು ತಾಸು ನಿಂದ್ರೋರಿಗೆ, ದೂರದ ಲಾರಿ ಹೊಡಿಯೋರಿಗೆ ಕೌಂಟ್ ಇಳೀತದ ಅಂತ ನೋಡ್ಯಾರ, ನಮ್ಮ ಕಡೆ ಬ್ಯಾಸಗಿನ 42, 43 ಡಿಗ್ರಿ ಇರ್ತದ, ಅದರ ಮ್ಯಾಲ ಬಾಯ್ಲರ್ ಅಂದ್ರ ಕೇಳಬ್ಯಾಡ್ರಿ. ಆದ್ರ ಕಾವಿನ ಹೊಡೆತ ವಾಪಸ್ ಬರ್ತದ, ಜಾಗ ಬದ್ಲಿ ಮಾಡಿ ಮೂರು ನಾಕು ತಿಂಗಳು ಆದ್ರ ಸುಧಾರಸ್ತದ. ಮಾಲಕರಿಗೆ ಹೇಳಿ ಒಂದಿಷ್ಟು ದಿನ ಗೋಡೌನ್ ಕಡೆ ಹಾಕಸ್ಕೊಳ್ರಿ.

ಹೊಲದ ಔಷಧದ್ದು ಅಂದ್ರ, 1977ರಾಗ ಅಮೆರಿಕಾದ ಕ್ಯಾಲಿಫೋರ್ನಿಯಾದಾಗ ಡಿಬಿಸಿಪಿ ಅಂತ ಒಂದು ಔಷಧ ತಯಾರು ಮಾಡೋ ಫ್ಯಾಕ್ಟರಿ ಮಂದಿ, ನಮ್ಮಾಗ ಯಾರಿಗೂ ಮಕ್ಕಳು ಆಗವಲ್ಲವು ಅಂತ ತಮ್ಮ ತಮ್ಮಾಗ ಮಾತಾಡ್ಕೊಂಡು ಟೆಸ್ಟ್ ಮಾಡಿಸಿದ್ರು, ಬಹಳ ಮಂದಿಗೆ ಕೌಂಟ್ ಕಡಿಮಿ, ಕೆಲವರಿಗೆ ಪೂರ್ತಿ ಸೊನ್ನಿ. ಅಂದ್ರ ವಿಷಕ್ಕ ಬೀಜ ಕೆಡೋ ಶಕ್ತಿ ಅದ ಅನ್ನೋದು ಗಟ್ಟಿ. ನೀವು ಹೊಡಿಯೋ ಔಷಧಕ್ಕ ನಿಮಗ ಹಿಂಗ ಆಗ್ಯಾದ ಅಂತ ಯಾವ ಡಾಕ್ಟರೂ ಬೆರಳು ಮಾಡಿ ತೋರ್ಸಾಕ ಆಗಂಗಿಲ್ಲ, ಆದ್ರ ಭತ್ತ, ಹತ್ತಿ, ಮೆಣಸಿನಕಾಯಿಗೆ ನಮ್ಮ ಮಂದಿ ಹೊಡ್ಯೋದು ನೋಡಿದ್ರ ಸಂಕಟ ಆಗ್ತದ್ರಿ, ಬನಿಯನ್ ಮ್ಯಾಲ, ಬರೀ ಕೈಲೆ ಕಲಸಿ, ಗಾಳಿಗೆ ಎದುರಾಗಿ ನಿಂತು. ಕೈಗೆ ಗ್ಲೌಸು, ತುಂಬು ತೋಳಿನ ಅಂಗಿ, ಮುಖಕ್ಕ ಬಟ್ಟಿ, ಹೊಡದು ಬಂದು ಮೊದ್ಲ ಸ್ನಾನ. ಹತ್ತಿಕಾಳಿನಾಗೂ ಗಾಸಿಪಾಲ್ ಅಂತ ಒಂದು ಅಂಶ ಅದ, ಚೀನಾದಾಗ ಹಸಿ ಹತ್ತಿಕಾಳಿನ ಎಣ್ಣಿ ಉಣ್ಣೋ ಹಳ್ಳಿಗಳಾಗ ಮಕ್ಕಳು ಹುಟ್ಟೋದು ನಿಂತು ಅದು ಗೊತ್ತಾತು. ಅಂಗಡ್ಯಾಗ ಸಿಗೋ ರಿಫೈನ್ಡ್ ಎಣ್ಣ್ಯಾಗ ಅದನ್ನ ತಗದಿರ್ತಾರ, ಅದಕ್ಕ ಹೆದರಬ್ಯಾಡ್ರಿ.

ಮಂಗನಬಾವು ಐದಾರು ವರ್ಷಕ್ಕ ಆಗಿದ್ರ ಚಿಂತಿ ಇಲ್ಲ. ದೊಡ್ಡವರಾದ ಮ್ಯಾಲ ಆಗಿ, ಬೀಜ ಬಾತು ನೋವಾಗಿದ್ರ ಮಾತ್ರ ಪೆಟ್ಟು.

ಪೌಡರದ್ದು. ಸತುವು ಮತ್ತ ಫೋಲಿಕ್ ಆಸಿಡ್ ಕೊಟ್ಟು ಅಮೆರಿಕಾದಾಗ ಎರಡು ಸಾವಿರಕ್ಕೂ ಹೆಚ್ಚು ಜೋಡಿ ಮ್ಯಾಲ ನೋಡ್ಯಾರ, 2020ರಾಗ ಬಂತು, ಕೌಂಟೂ ಏರಲಿಲ್ಲ ಕೂಸು ಹುಟ್ಟೋದೂ ಹೆಚ್ಚಾಗಲಿಲ್ಲ. ನಾನೇ ಮಾರೋ ಮಾಲು, ಆದ್ರೂ ಹೇಳ್ತೀನಿ, ಮೂರೂವರೆ ಸಾವಿರ ಪೌಡರಿಗೆ ಹಾಕೋ ಬದಲು ಅದ ರೊಕ್ಕದಾಗ ಹಾರ್ಮೋನ್ ಟೆಸ್ಟ್ ಮಾಡಿಸ್ರಿ. ಗುಟ್ಕಾ ತಂಬಾಕು ಇದ್ರ ಇವತ್ತೇ ಬಿಡ್ರಿ, ಅದರಷ್ಟು ಅಗ್ಗದ ಔಷಧ ನನ್ನ ಅಂಗಡ್ಯಾಗಿಲ್ಲ. ಕರಳಿನ ಹುಣ್ಣಿಗೆ, ಸಂಧಿವಾತಕ್ಕ ಸಲ್ಫಾಸಲಜಿನ್ ನುಂಗೋರಿದ್ರ ಅದೂ ಕೌಂಟ್ ಇಳಸ್ತದ, ಬಿಟ್ರ ವಾಪಸ್ ಬರ್ತದ, ಆದ್ರ ಡಾಕ್ಟರಿಗೆ ಕೇಳ್ದ ಬಿಡಬ್ಯಾಡ್ರಿ.


ಕೌಲ್‌ಬಜಾರ್_ಹುಡುಗ

ಜಿಮ್‌ಗೆ ಹೋಗೋ ತಮ್ಮಂದಿರು ಯಾರಾದ್ರೂ ಇದನ್ನ ಓದ್ತಿದ್ರೆ ನನ್ನ ಮಾತು ಕೇಳಿ. ಎರಡು ವರ್ಷ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ತಗೊಂಡೆ, ಗಂಡಸುತನದ ಹಾರ್ಮೋನ್ ಅಲ್ವಾ ಜಾಸ್ತಿ ಆದ್ರೆ ಒಳ್ಳೇದೇ ಅನ್ಕೊಂಡಿದ್ದೆ. ಹೊರಗಿಂದ ಬಂದ್ರೆ ಮೆದುಳು ಸಾಕು ಅಂತ ಬೀಜಕ್ಕೆ ಹುಕುಂ ಕೊಡೋದೇ ನಿಲ್ಲಿಸುತ್ತೆ, ಬೀಜ ಕೆಲಸ ಬಿಟ್ಟು ಸಣ್ಣ ಆಗುತ್ತೆ. ಮದುವೆ ಆಗಿ ಟೆಸ್ಟ್ ಮಾಡ್ಸಿದ್ರೆ ಸೊನ್ನೆ. ಬಿಟ್ಟು ಹನ್ನೊಂದು ತಿಂಗಳಿಗೆ 20 ಮಿಲಿಯನ್ ಬಂತು, ಆ ಹನ್ನೊಂದು ತಿಂಗಳು ನಾನು ನಿದ್ದೆ ಮಾಡಿಲ್ಲ. ಕೆಲವರಿಗೆ ಇನ್ನೂ ಜಾಸ್ತಿ ದಿನ ಹಿಡಿಯುತ್ತೆ ಅಂತೆ. ಕೌಂಟ್ ಕಡಿಮೆ ಇದೆ ಅಂತ ಯಾರಾದ್ರೂ ಈ ಇಂಜೆಕ್ಷನ್ ಬರೆದ್ರೂ ತಗೋಬೇಡಿ, ಇರೋದೂ ಹೋಗುತ್ತೆ.


ರಾಯಚೂರ್_ಮಾಸ್ತರ

ಮ್ಯಾಲಿನ ಹುಡುಗ ಹೇಳಿದ್ದು ನೂರಕ್ಕ ನೂರು ಖರೇ. ನನ್ನ ಕಥಿ ಬ್ಯಾರೆ ಅದ, ಆದ್ರ ಆ ಇಂಜೆಕ್ಷನ್ ನನ್ನ ಜೀವನದಾಗೂ ಬಂದದ.

ನಂದು ಕೌಂಟ್ ಕಡಿಮಿ ಅಲ್ರಿ, ಒಂದೂ ಇದ್ದಿದ್ದಿಲ್ಲ. ರಿಪೋರ್ಟಿನಾಗ ನಿಲ್ ಅಂತ ಬರದಿತ್ತು. ನೂರು ಗಂಡಸರಾಗ ಒಬ್ಬರಿಗೆ ಹಿಂಗಿರ್ತದಂತ, ಆವತ್ತು ಮಾತ್ರ ಭೂಮಿ ಮ್ಯಾಲ ನಾನೊಬ್ಬನ ಅನಸ್ತು. ಸ್ಟೇಷನ್ ರೋಡಿನಾಗ ಗಾಡಿ ನಿಲ್ಲಿಸಿ ಎಷ್ಟೊತ್ತು ನಿಂತಿದ್ನೋ ನೆಪ್ಪಿಲ್ಲ.

ನಂಗ ಸಣ್ಣಂದಿರ್ಲಿಂದ ವಾಸನಿ ಹತ್ತಂಗಿಲ್ಲ. ಹಾಲು ಉಕ್ಕಿ ಒಲಿಗೆ ಬಿದ್ರೂ ಗೊತ್ತಾಗ್ತಿದ್ದಿಲ್ಲ, ಅವ್ವ ಬೈತಿದ್ಲು, ಸಾಲ್ಯಾಗ ಹುಡುಗ್ರು ನಗ್ತಿದ್ರು, ನೆಗಡಿ ಮೂಗು ಅಂತ ಬಿಟ್ಟಿದ್ರು. ಇಪ್ಪತ್ತು ದಾಟಿದ್ರೂ ಮೀಸಿ ಬರಲಿಲ್ಲ, ದನಿ ಹುಡುಗರ ದನಿ. 24ಕ್ಕ ಒಬ್ರು ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಶುರು ಮಾಡಿದ್ರು, ಮೀಸಿ ಬಂತು, ದನಿ ಒಡೀತು, ಮದ್ವಿ ಮಾಡಿದ್ರು, ಎಲ್ಲಾ ಸರಿ ಹೋತು ಅನ್ಕೊಂಡ್ವಿ. ಮೂರು ವರ್ಷ ನಮ್ಮಾಕಿ ನೂರೊಂದು ಮಾತು ಕೇಳ್ಯಾಳ. ಹೈದರಾಬಾದಿನಾಗ ಒಬ್ಬ ಹಾರ್ಮೋನ್ ಡಾಕ್ಟ್ರು ಎಲ್ಲಾ ನೋಡಿ, ಪಕ್ಕದಾಗ ಕುಂತಿದ್ದ ನಮ್ಮಾಕಿ ತಲ್ಯಾಗಿನ ಮಲ್ಲಿಗಿ ದಂಡಿ ಕಡೆ ಬೆರಳು ಮಾಡಿ, ಇದರ ವಾಸನಿ ಹೆಂಗಿರ್ತದ ಹೇಳ್ರಿ ಅಂದ್ರು. ನಂಗ ಹೇಳ್ಲಿಕ್ಕೆ ಬರಲಿಲ್ಲ. ಕಾಲ್ಮನ್ ಸಿಂಡ್ರೋಮ್ ಅಂತ ಅವತ್ತ ಗೊತ್ತಾತು. ತಾಯಿ ಹೊಟ್ಟ್ಯಾಗ ಇದ್ದಾಗ ವಾಸನಿ ನರಗಳೂ, ಬೀಜಕ್ಕ ಹುಕುಂ ಕೊಡೋ ಜೀವಕೋಶಗಳೂ ಒಂದ ದಾರಿ ಹಿಡದು ಮೆದುಳಿಗೆ ಹೋಗ್ತಾವಂತ, ಅಲ್ಲಿ ಏನೋ ತಪ್ಪಿದ್ರ ಎರಡೂ ಇಲ್ಲ. ನನ್ನ ಬೀಜ ಕೆಟ್ಟಿದ್ದಿಲ್ಲ, ಅದಕ್ಕ ಕೆಲಸ ಮಾಡು ಅನ್ನೋರು ಇದ್ದಿದ್ದಿಲ್ಲ. ಟೆಸ್ಟೋಸ್ಟೆರಾನ್ ನಿಲ್ಲಿಸಿ ಎಚ್‌ಸಿಜಿ ಇಂಜೆಕ್ಷನ್ (ಬೀಜಕ್ಕ ಹುಕುಂ ಕೊಡೋ ಹಾರ್ಮೋನ್) ವಾರಕ್ಕ ಎರಡು ಸಲ, ಆರು ತಿಂಗಳಾದ ಮ್ಯಾಲ ಅದರ ಜತಿಗೆ ಅಂಥದ್ದ ಇನ್ನೊಂದು ಹಾರ್ಮೋನ್ ಎಫ್‌ಎಸ್‌ಎಚ್ ಕೊಟ್ರು, ನಮ್ಮಾಕಿನ ಮನ್ಯಾಗ ಚುಚ್ಚತಿದ್ಲು. ತುಟ್ಟಿ ಅವ, ಬಂಗಾರ ಅಡ ಇಟ್ವಿ. ಹದಿನಾಕನೇ ತಿಂಗಳಿಗೆ ರಿಪೋರ್ಟಿನಾಗ 3 ಮಿಲಿಯನ್ ಅಂತ ಬಂತು. ಈಗ ಮಗಳು ಯುಕೆಜಿ.

ಅದಕ್ಕ ಹೇಳ್ತೀನಿ, ಸೊನ್ನಿ ಬಂದೋರು ಮೊದಲ ಸೆಂಟ್ರಿಫ್ಯೂಜ್ ಮಾಡಿ, ಅಂದ್ರ ಯಂತ್ರದಾಗ ಜೋರು ತಿರುಗಿಸಿ, ನೋಡ್ಯಾರೇನು ಕೇಳ್ರಿ, ತಳದಾಗ ಒಂದೆರಡು ಸಿಗಬಹುದು. ಎರಡು ಸಲ ಸೊನ್ನಿ ಬಂದ್ರ ಎಫ್‌ಎಸ್‌ಎಚ್, ಎಲ್‌ಎಚ್, ಟೆಸ್ಟೋಸ್ಟೆರಾನ್, ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನ್ ನೋಡಸ್ರಿ. ಎಫ್‌ಎಸ್‌ಎಚ್ ತೀರಾ ಕಡಿಮಿ ಇದ್ರ ನನ್ನಂಗ, ಔಷಧಕ್ಕ ಬಗ್ತದ. ಎಫ್‌ಎಸ್‌ಎಚ್ ನಾರ್ಮಲ್, ಬೀಜಾನೂ ದಪ್ಪ ಇದ್ರ ಬಹಳ ಸಲ ದಾರಿ ಬಂದ್ ಆಗಿರ್ತದ, ಒಳಗ ಮಾಲು ಇರ್ತದ ಹೊರಗ ಬರಂಗಿಲ್ಲ. ಅದಕ್ಕ ಹಳೇ ಗುಪ್ತರೋಗದ ಸೋಂಕು ಕಾರಣ ಇರಬಹುದು, ನಮ್ಮ ಕಡೆ ಟಿಬಿನೂ ಇರಬಹುದು, ಸಣ್ಣಂದಿರಾಗ ಹರ್ನಿಯಾ ಆಪರೇಷನ್ನಿನಾಗ ನಾಳ ಕತ್ತರಿಸಿರಬಹುದು, ಕೆಲವರಿಗೆ ಹುಟ್ಟಿನಿಂದಲೇ ಆ ನಾಳ ಇರಂಗಿಲ್ಲ, ಅಂಥೋರಿಗೆ ವೀರ್ಯ ಒಂದು ಎಂಎಲ್‌ಗಿಂತ ಕಡಿಮಿ ಬರ್ತದ. ಅಂಥಲ್ಲಿ ಸೂಜಿಲೆ ಬೀಜದಾಗಿಂದ ತಗದು ಇಕ್ಸಿ ಮಾಡ್ತಾರ, ಒಂದು ತತ್ತಿಗೆ ಒಂದ ವೀರ್ಯಾಣು ಚುಚ್ಚೋದು, 1992ರಾಗ ಬೆಲ್ಜಿಯಂನಾಗ ಮೊದಲ ಕೂಸು ಹಂಗ ಹುಟ್ಟೇದ. ಎಫ್‌ಎಸ್‌ಎಚ್ ಬಾಳ ಏರಿ ಬೀಜ ಸಣ್ಣ ಇದ್ರ ಬೀಜದ ದೋಷ, ಆಗ ಕ್ರೋಮೋಸೋಮ್ ಮತ್ತ ವೈ ಡಿಲೀಷನ್ (ಗಂಡಸಿನ ವೈ ಕ್ರೋಮೋಸೋಮಿನಾಗ ತುಂಡು ಹೋಗಿರೋದು) ಟೆಸ್ಟ್ ಬೇಕು. ಕ್ಲೈನ್‌ಫೆಲ್ಟರ್ ಅಂತ ಒಂದು ಎಕ್ಸ್ ಹೆಚ್ಚಿಗಿ ಇರೋರು ಅದಾರ. ಅವರಿಗೂ ಮೈಕ್ರೋ ಟೆಸೆ ಅಂತ, ಬೀಜ ಕೊಯ್ದು ಮೈಕ್ರೋಸ್ಕೋಪ್ ಇಟ್ಟು, ಹುಡುಕಿದ್ರ ಸುಮಾರು ಅರ್ಧ ಮಂದಿಗೆ ಸಿಗ್ತಾವ. ವೈ ಡಿಲೀಷನ್ನಿನಾಗ ಎಝಡ್‌ಎಫ್‌ಸಿ ತುಂಡು ಹೋಗಿದ್ರ ಆಸಿ ಅದ, ಎ ಇಲ್ಲಾ ಬಿ ಪೂರ್ತಿ ಹೋಗಿದ್ರ ಹುಡುಕಿ ಕೊಯ್ಯೋದರಾಗ ಅರ್ಥ ಇಲ್ಲ ಅಂತಾರ, ಅದಕ್ಕ ಕೊಯ್ಯೋಕಿಂತ ಮೊದಲ ಟೆಸ್ಟ್ ಮಾಡಸ್ರಿ.

ಗಂಡು ಕೂಸು ಹುಟ್ಟಿದ್ರ ಎರಡೂ ಬೀಜ ಕೆಳಗ ಇಳದಾವೇನು ನೋಡ್ರಿ, ಇದನ್ನ ಎಲ್ಲಾರೂ ಓದ್ರಿ. ಆರು ತಿಂಗಳಿಗೂ ಇಳೀಲಿಲ್ಲ ಅಂದ್ರ ತೋರಿಸಿ ಒಂದು ಒಂದೂವರೆ ವರ್ಷದೊಳಗ ಇಳಿಸಿ ಹೊಲಸಬೇಕು. ದೊಡ್ಡವ ಆದ ಮ್ಯಾಲ ತಾನ ಇಳೀತಾವ ಅಂತ ಬಿಟ್ಟು ಇಲ್ಲಿ ಬಂದು ಅಳೋರನ್ನ ನಾ ನೋಡೀನಿ.


ಸಿಂಧನೂರ_ಅಕ್ಕ

ಹೆಣ್ಮಕ್ಕಳು ಯಾರೂ ಬರದಿಲ್ಲ, ಅದಕ್ಕ ನಾ ಬರೀತೀನಿ.

ನಮ್ಮನಿಯವರಿಗೆ ಇಪ್ಪತ್ತೆಂಟನೇ ವಯಸ್ಸಿಗೇ ಶುಗರ್. ಮದ್ವಿ ಆಗಿ ಆರು ವರ್ಷ, ಎಲ್ಲಾ ಟೆಸ್ಟ್ ನಂಗ, ಮನ್ಯಾಗ ಎರಡನೇ ಮದ್ವಿ ಮಾತೂ ಬಂತು, ನನ್ನ ತಂಗಿನ ಕೇಳಿದ್ರು. ಅವರಿಗೆ ಗೊತ್ತಿತ್ತು, ಕೊನಿಗೆ ಏನೂ ಹೊರಗ ಬರಂಗಿಲ್ಲ, ಒಣ ಇರ್ತದ ಅಂತ, ನಂಗ ಹೇಳಿದ್ದಿಲ್ಲ. ನಾಚಿಕಿ. ಒಂದು ದಿನ ನಾನ ಜೀವ ಗಟ್ಟಿ ಮಾಡಿ ಡಾಕ್ಟರ ಮುಂದ ಹೇಳಿದೆ. ಆದ ಮ್ಯಾಲ ಮೂತ್ರ ಹಿಡದು ತೋರಿಸ್ರಿ ಅಂದ್ರು, ಅದರಾಗ ತುಂಬ ವೀರ್ಯಾಣು. ಶುಗರಿಗೆ ನರ ಸೋತು ಚೀಲದ ಬಾಯಿ ಮುಚ್ಚಂಗಿಲ್ಲ, ಮುಂದ ಬರಬೇಕಾದ್ದು ಹಿಂದ ಮೂತ್ರಚೀಲಕ್ಕ ಹೋಗ್ತದ. ಅಷ್ಟ. ಶುಗರ್ ಹಿಡಿತಕ್ಕ ತಂದು, ಗುಳಿಗಿ ಕೊಟ್ಟು ಸೋಡಾ ಕುಡಿಸಿ, ಮೂತ್ರದಾಗಿಂದ ವೀರ್ಯಾಣು ತೊಳದು ತಗದು ಐಯುಐ ಅಂತ ನೇರ ಗರ್ಭಚೀಲಕ್ಕ ಬಿಟ್ರು, ಮೂರನೇ ಸಲಕ್ಕ ನಿಂತಿತು.

ಕಾರಟಗಿ ಅಣ್ಣಾ, ಮಕ್ಕಳಾಗದ ಜೋಡಿಗಳಾಗ ಅರ್ಧಕ್ಕರ್ಧ ಗಂಡಸಿನ ಕಡಿಂದೂ ಕಾರಣ ಇರ್ತದ ಅಂತ ನಮ್ಮ ಡಾಕ್ಟರಮ್ಮ ಹೇಳಿದ್ರು. ಪೆಟ್ಟಿಗ್ಯಾಗಿನ ರಿಪೋರ್ಟ್ ಇವತ್ತ ರಾತ್ರಿ ಆಕಿ ಕೈಯಾಗ ಕೊಡ್ರಿ. ನೀವು ಇಟ್ಕೊಂಡ ಒಂದೊಂದು ದಿನಾನೂ ಆಕಿ ನಿಮ್ಮ ಪಾಲಿನ ಮಾತು ಕೇಳ್ತಿದ್ದಾಳ.


ಕಾರಟಗಿ_ಭತ್ತ

ಅಕ್ಕಾರ, ನೀವು ಬರದದ್ದು ಓದಿ ಅವತ್ತ ಕೊಟ್ಟೆ. ಆಕಿ ಏನೂ ಅನ್ಲಿಲ್ರಿ, ದೀಪದ ಹತ್ರ ಹಿಡದು ಎರಡು ಸಲ ಓದಿದ್ಲು, ಆಮ್ಯಾಲ ನಂಗ ಡೆಂಗ್ಯೂ ಆಗಿದ್ದು ಯಾವ ತಾರೀಖು ಅಂತ ಕ್ಯಾಲೆಂಡರ್ ತಿರುವಿ ಹಾಕಿದ್ಲು. ಅದರ ಮ್ಯಾಲ ಮೂರು ತಿಂಗಳು ಎಣಿಸಿ ಗುರುತು ಹಾಕ್ಯಾಳ. ಪೌಡರ್ ಬಿಟ್ಟೀನಿ. ಮಾಲಕರಿಗೆ ಬೆನ್ನು ನೋವು ಅಂತ ಹೇಳಿ ಗೋಡೌನ್ ಲೆಕ್ಕದ ಕಡೆ ಹಾಕಸ್ಕೊಂಡೀನಿ.


ಕಾರಟಗಿ_ಭತ್ತ (ಮೂರು ತಿಂಗಳಾದ ಮ್ಯಾಲ)

ಎಲ್ಲಾರೂ ಹೆಂಗದೀರಿ. ಬಳ್ಳಾರಿ ಅಣ್ಣ ಹೇಳಿದಂಗ ನಾಕು ದಿನ ಬಿಟ್ಟು, ಒಂದು ಹನಿ ಚೆಲ್ಲದಂಗ ಕೊಟ್ಟು ಬಂದೆ. ವಾಲ್ಯೂಮ್ 2.5, ಕೌಂಟ್ 12, ಮುಂದಕ್ಕ ಓಡೋವು 17. ಒಟ್ಟು 30 ಮಿಲಿಯನ್ ಆತು. ಏರೈತಿ, ಆದ್ರ ಗೆರಿ ಮುಟ್ಟಿಲ್ಲ. ಯೂರಾಲಜಿ ಡಾಕ್ಟ್ರು ನಿಂದರಿಸಿ ನೋಡಿದ್ರು, ಕುಷ್ಟಗಿ ಅಣ್ಣ ಹೇಳಿದ್ದ ಬಂತು, ಎಡಗಡೆ ವೆರಿಕೋಸೀಲ್, ಗ್ರೇಡ್ 3 ಅಂದ್ರ ದೊಡ್ಡದು ಅಂತ, ಎಡಗಡೆ ಬೀಜ ಬಲಗಡೆದಕ್ಕಿಂತ ಸ್ವಲ್ಪ ಸಣ್ಣನೂ ಆಗೈತಿ. ಹಾರ್ಮೋನ್ ಎಲ್ಲಾ ಸರಿ ಅದಾವ. ಆಕಿ ವಯಸ್ಸು 26, ಆಕಿದೆಲ್ಲಾ ಚಲೋ ಐತಿ, ಅವಸರ ಇಲ್ಲ, ಮೊದ್ಲ ಇದನ್ನ ಕಟ್ಟೋಣ, ಆರು ತಿಂಗಳು ನೋಡೋಣ ಅಂದ್ರು. ಮುಂದಿನ ಮಂಗಳವಾರ ಬಾ ಅಂದಾರ.

ಅವ್ವಗ ನಾನ ಹೇಳಿದೆ. ಮೊದ್ಲ ನಂಬಲಿಲ್ಲ, ಸ್ಕ್ಯಾನಿಂಗ್ ಚಿತ್ರ ತೋರಿಸಿದೆ. ಬಾಳ ಹೊತ್ತು ಸುಮ್ಮನ ಕುಂತು, ಆಪರೇಷನ್ನಿಗೆ ತಾನೂ ಬರ್ತೀನಿ ಅಂದಾಳ.

ಕುಷ್ಟಗಿ ಅಣ್ಣಾ, ಆದ ಮ್ಯಾಲ ಎಷ್ಟು ದಿನ ಚೀಲ ಎತ್ತಬಾರದು? ಸುಗ್ಗಿ ಹತ್ರ ಬಂದೈತಿ.


ಕುಷ್ಟಗಿ_ರೈತ

ಒಳ್ಳೇದಾಗ್ಲಿ ತಮ್ಮಾ. ನಂಗ ಒಂದು ತಿಂಗಳು ಭಾರ ಎತ್ತಬ್ಯಾಡ ಅಂದಿದ್ರು, ನಿನ್ನ ಡಾಕ್ಟರಿಗೂ ಕೇಳು. ಮೊದಲ ಒಂದು ವಾರ ಒಳಚಡ್ಡಿ ಬಿಗಿದು ಹಾಕ್ಕೊಂಡು ಬೀಜಕ್ಕ ಆಸರಿ ಕೊಡು, ಗಾಡಿ ಹೊಡೀಬ್ಯಾಡ, ಬರುವಾಗ ಬಸ್ಸಿನಾಗ ಹಿಂದಿನ ಸೀಟಿಗೆ ಕೂಡಬ್ಯಾಡ. ಸುಗ್ಗಿಗೆ ಆಳು ಹಚ್ಚು.